ಗುಂಡ್ಲುಪೇಟೆಯ ಅಕ್ಷರ ವ್ರತ

ಚರ್ಚಾಸ್ಪರ್ಧೆಯಲ್ಲಿ ಕಪ್ಪು ಗೆದ್ದವರನ್ನು ಮನೆಯಲ್ಲಿಟ್ಟುಕೊಂಡು ಬಾಳುವುದು ಸುಲಭವಲ್ಲ. ಹೊರಗಿನವರಿಗೆ ಇದರ ಅಂದಾಜು ಇರುವುದಿಲ್ಲ. ಅವರು ಬೀರುವಿನ ಮೇಲೆ ಸಾಲಾಗಿಟ್ಟ ಕಪ್ಪುಗಳನ್ನು ನೋಡುತ್ತಾರೆ, "ಪರವಾಗಿಲ್ವೇ, ಹುಡುಗಿ ಚೂಟಿ" ಅನ್ನುತ್ತಾರೆ, ಕಾಫಿ ಕುಡಿದು ಎದ್ದುಹೋಗುತ್ತಾರೆ. ಅನುಭವಿಸಲು ಉಳಿಯುವವರು ಮನೆಯವರು. ಸಾರಿಗೆ ಉಪ್ಪು ಕಡಿಮೆ ಎಂದು ಅಪ್ಪ ಗೊಣಗಿದರೆ "ಕಡಿಮೆ ಅಂದರೆ ಯಾವುದಕ್ಕೆ ಹೋಲಿಸಿ?" ಎಂದು ಕೇಳುವ ಮಗಳ ಜೊತೆ ಅವರು ದಿನವೂ ಊಟಕ್ಕೆ ಕೂರಬೇಕು. "ನಿನ್ ಜೊತೇಲಿ ಮಾತಾಡೋದೂ ಒಂದೇ, ಒನಕೆಗೆ ಬುದ್ಧಿ ಹೇಳೋದೂ ಒಂದೇ" ಎಂದು ಅಮ್ಮ ಹಣೆ ಚಚ್ಚಿಕೊಂಡರೆ, "ಒನಕೆಗೆ ಹೇಳಿ ನೋಡಿದ್ದೀಯಾ? ನೋಡದೆ ಹೇಗೆ ಹೇಳ್ತೀಯ?" ಎಂದು ನಾನು ಕೇಳುತ್ತಿದ್ದೆ. ವಿಷಯ ಯಾವುದೇ ಇರಲಿ, ನನ್ನದು ವಿರೋಧ. ದೇವರು, ದೆವ್ವ, ಹರಕೆ, ರಾಹುಕಾಲ, ಹಲ್ಲಿಯ ಶಕುನ, ಎಲ್ಲಕ್ಕೂ ನನ್ನಲ್ಲಿ ಮೂರು ನಿಮಿಷದ ಖಂಡನೆ ಸಿದ್ಧವಾಗಿರುತ್ತಿತ್ತು. ಗಂಟೆ ಬಾರಿಸಿದ ಮೇಲೂ ಅರ್ಧ ನಿಮಿಷ ಮುಂದುವರಿಸುವ ಅಭ್ಯಾಸವೂ ಇತ್ತು. ಇಂಥ ನನ್ನ ವಾದದ ಬದುಕಿನಲ್ಲಿ ಒಂದೇ ಒಂದು ಮಾತು ಮಾತ್ರ ಇವತ್ತಿಗೂ ವಾಪಸು ತೆಗೆದುಕೊಳ್ಳಲಾಗದೆ ಗಂಟಲಲ್ಲಿ ಕೂತಿದೆ. ಅದಕ್ಕೆ ಕಾರಣ ಕನ್ನಡ ವರ್ಣಮಾಲೆ.

ಆಗ ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಮೈಸೂರಿನ ಬಾಲಕ್ಕೆ ಕಟ್ಟಿದ ತಾಲ್ಲೂಕಾಗಿದ್ದರೂ ನಮ್ಮ ಸುತ್ತಲಿನ ಹಳ್ಳಿಗಳವರಿಗೆ ಅದು 'ನಗರ'ವೇ. ಅಪ್ಪ ಹರದನಹಳ್ಳಿಯಲ್ಲಿ ಹೊಲದ ಕೆಲಸ ಬಿಟ್ಟು ನಗರದ ಒಂದು ಕಚೇರಿಯಲ್ಲಿ ಅಟೆಂಡರ್ ಆಗಿದ್ದರು. ನಾನು ಬಿ.ಎ. ಓದುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದವಳು ಕುದೇರಿನ ದಾಕ್ಷಾಯಿಣಿ, ನಮಗೆಲ್ಲ ದಾಕ್ಷಿ. ಅವಳು ದಿನಕ್ಕೆ ಆಡುತ್ತಿದ್ದ ಮಾತುಗಳನ್ನು ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ವಿಳಾಸಕ್ಕೂ ಜಾಗ ಬಿಡಬಹುದಿತ್ತು. ಮಾತಾಡದ ಹೊತ್ತನ್ನೆಲ್ಲ ಓದಿಗೆ ಸುರಿಯುತ್ತಿದ್ದಳು. ಎರಡನೇ ವರ್ಷದಲ್ಲಿ ಇಂಗ್ಲಿಷ್ ಮೇಷ್ಟ್ರೊಬ್ಬರು ಪಾಠ ಬೇಸರವಾದಾಗ ಒಂದು ಕಥೆ ಹೇಳಿದರು: ವಿದೇಶಗಳಲ್ಲಿ ಸ್ನೇಹಿತರು ಸೇರಿ ಪಂಥ ಕಟ್ಟುತ್ತಾರಂತೆ, ಲೇಖಕರ ಅಡ್ಡಹೆಸರಿನ ಮೊದಲಕ್ಷರ ಹಿಡಿದು 'ಎ'ಯಿಂದ ಶುರುಮಾಡಿ ಒಬ್ಬೊಬ್ಬರನ್ನೇ ಓದುತ್ತಾ 'ಜಡ್' ಮುಟ್ಟುತ್ತಾರಂತೆ. ದಾಕ್ಷಿಯ ಕಣ್ಣು ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಎದ್ದು ನಿಂತು, "ಸಾರ್, ನಮ್ಮಲ್ಲಿ ಅಡ್ಡಹೆಸರೇ ಇಲ್ಲವಲ್ಲ, ಉದ್ದಹೆಸರು ಮಾತ್ರ ಇದೆ" ಎಂದೆ. ತರಗತಿ ನಕ್ಕಿತು. ದಾಕ್ಷಿ ನಗಲಿಲ್ಲ.

ಎರಡನೇ ವರ್ಷದ ಪರೀಕ್ಷೆ ಮುಗಿದ ಬೇಸಗೆಯಲ್ಲೇ ಅವಳ ಮದುವೆಯಾಯಿತು. ಗಂಡು ಗುಂಡ್ಲುಪೇಟೆಯವನು, ಸೊಸೈಟಿಯಲ್ಲಿ ಕೆಲಸ. ಮಾವ ಗುರುಮಲ್ಲಪ್ಪನವರು ಜಮೀನೂ ಅರಿಶಿನದ ವ್ಯಾಪಾರವೂ ಇದ್ದ ಕುಳ. "ಕೊನೇ ವರ್ಷ ಓದಿಸ್ತೀವಿ" ಎಂದು ಗಂಡಿನ ಕಡೆಯವರು ಮಾತುಕತೆಯ ದಿನ ಹೇಳಿದ್ದರು. ಮಾತುಕತೆಯ ದಿನ ಯಾರು ಏನು ಹೇಳುವುದಿಲ್ಲ! ಧಾರೆಯ ಹಿಂದಿನ ದಿನ ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ತವರು ಬಿಡುವ ದುಃಖ ಎಂದುಕೊಂಡು ನಾನು ಹೆಣ್ಣಿನ ಸ್ಥಾನಮಾನದ ಬಗ್ಗೆ ಎರಡು ಮಾತು ಶುರುಮಾಡಿದೆ. "ಅದಲ್ಲ ಕಣೇ, ಅಲ್ಲಿ ಪುಸ್ತಕ ಸಿಕ್ತದೋ ಇಲ್ವೋ. ಡಿಗ್ರಿ ಮುಗಿಸ್ದಿದ್ರೆ ನಾನು ಬರೀ ಅರಿಶಿನ ಬೇಯಿಸ್ಕೊಂಡು ಇದ್ಬುಡ್ತೀನಿ" ಎಂದಳು. ಅವಳ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೇ ಮೊದಲು. ಅಲ್ಲೇ, ಚಪ್ಪರದ ಮೂಲೆಯಲ್ಲಿ, ಮೇಷ್ಟ್ರು ಹೇಳಿದ ಪಂಥವನ್ನು ನಾವಿಬ್ಬರೂ ಕಟ್ಟಿದೆವು. 'ಅ'ದಿಂದ 'ಳ'ವರೆಗೆ, ವಾರಕ್ಕೊಂದು ಅಕ್ಷರ.

ನಿಯಮ ಬರೆದವಳು ನಾನು. ನಿಯಮವಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅನುಕ್ರಮ ತಪ್ಪಕೂಡದು. ಒಂದು ಮುಗಿಸದೆ ಇನ್ನೊಂದನ್ನು ಮುಟ್ಟಕೂಡದು. ಅವರವರ ಪುಸ್ತಕ ಅವರವರೇ ಕಾಲೇಜು ಲೈಬ್ರರಿಯಿಂದ ಅವರವರ ಕಾರ್ಡಿನಲ್ಲಿ ತರಬೇಕು, ಇನ್ನೊಬ್ಬರ ಕೈಯಲ್ಲಿ ತರಿಸಿದರೆ ಸಲ್ಲದು. ಮಧ್ಯೆ ಬಿಟ್ಟವರು ಸೋತಂತೆ. ಕೊನೆಯಿಂದ ಎರಡನೇ ನಿಯಮಕ್ಕೆ ಒಂದು ಒಳಗುಟ್ಟಿತ್ತು: ಪುಸ್ತಕಕ್ಕಾಗಿಯಾದರೂ ದಾಕ್ಷಿ ವಾರಕ್ಕೊಮ್ಮೆ ನಗರಕ್ಕೆ ಬರಲಿ, ಬಂದವಳು ತರಗತಿಯಲ್ಲೂ ಕೂರಲಿ ಎಂದು. ಹಾಗೇ ಆಯಿತು. ಪ್ರತಿ ಶನಿವಾರ ಬೆಳಿಗ್ಗೆ ಅವಳು ತೆರಕಣಾಂಬಿ ಮೇಲೆ ಬರುವ ಬಸ್ಸಿನಲ್ಲಿ ಬಂದಿಳಿಯುತ್ತಿದ್ದಳು. ಮುಡಿದ ಹೂವು ಬಾಡಿ, ಸೀರೆಯ ನೆರಿಗೆ ಮುದುರಿ, ಆದರೆ ಕಂಕುಳಲ್ಲಿ ಹಳೇ ಪೇಪರಿನ ರಟ್ಟು ಹಾಕಿದ ಪುಸ್ತಕ ಮಾತ್ರ ಒಂಚೂರೂ ನಲುಗದೆ.

ಮೊದಲ ಜಗಳ 'ಅ'ಕ್ಕೇ ಶುರುವಾಯಿತು. ಕನ್ನಡ ಲೇಖಕನ ಅಡ್ಡಹೆಸರು ಯಾವುದು? ಮುಂದೆ ನಿಂತ ಇನಿಷಿಯಲ್ಲುಗಳೇ, ಊರೇ, ಅಪ್ಪನೇ, ಕಾವ್ಯನಾಮವೇ? ನನ್ನ ಹೆಸರಿನ ಮುಂದಿನ ಎರಡಕ್ಷರದಲ್ಲಿ ಒಂದು ಹರದನಹಳ್ಳಿ, ಇನ್ನೊಂದು ಅಪ್ಪ. ಹಾಗಾದರೆ ನಾನು ಊರಿನ ಸೊತ್ತೇ, ಅಪ್ಪನ ಸೊತ್ತೇ? ಇನ್ನು ಗೌಡ, ಶೆಟ್ಟಿ, ರಾವ್ ಎಂದು ಬಾಲ ಇರುವವರನ್ನು ಅದೇ ಅಕ್ಷರಕ್ಕೆ ಹಾಕಿದರೆ ಅದು ಸಾಹಿತ್ಯದ ಓದಲ್ಲ, ಜಾತಿ ಗಣತಿ ಎಂದು ನಾನು ವಾದಿಸಿದೆ. ಲೈಬ್ರರಿಯ ಮೇಷ್ಟ್ರನ್ನು ಕೇಳಿದರೆ ಅವರು ಪುಸ್ತಕ ಜೋಡಿಸುತ್ತಿದ್ದುದು ಎತ್ತರದ ಪ್ರಕಾರ. "ನೋಡಕ್ಕೆ ಚೆನ್ನಾಗಿರ್ತದೆ" ಎಂದರು. ಎರಡು ಶನಿವಾರ ನಾವು ಒಂದು ಪುಟವನ್ನೂ ಓದದೆ ಇದನ್ನೇ ಚರ್ಚಿಸಿದೆವು. ಅಂದರೆ ನಾನು ಚರ್ಚಿಸಿದೆ, ದಾಕ್ಷಿ ಕೇಳಿದಳು. ಮೂರನೇ ಶನಿವಾರ ಅವಳು ಸದ್ದಿಲ್ಲದೆ, "ನಮ್ಮತ್ತೆ ಇದನ್ನ ತೀರ್ಮಾನ ಮಾಡಿದ್ರು" ಎಂದಳು.

ನನಗೆ ಸಿಡಿಲು ಹೊಡೆದಂತಾಯಿತು. ಅತ್ತೆಗೆ ಇದರಲ್ಲೇನು ಕೆಲಸ?

ಆ ಭಾನುವಾರವೇ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ಪುಟ್ಟಮ್ಮಣ್ಣಿಯವರನ್ನು ನಾನು ಹತ್ತಿರದಿಂದ ಕಂಡದ್ದು ಆಗಲೇ. ಹಣೆ ತುಂಬ ವಿಭೂತಿ, ಕೈ ತುಂಬ ಅವರೆಕಾಯಿ ಸಿಪ್ಪೆ, ನಾಲ್ಕನೇ ಕ್ಲಾಸಿಗೆ ನಿಂತ ಓದು. "ಬಾ ಕೂಸು, ಕುಂತ್ಕೊ. ನೀನು ಯಾರ ಮನೆಯೋಳು?" ಎಂದರು. ಈ ಪ್ರಶ್ನೆಯ ಹಿಂದೆ ಏನಿರುತ್ತದೆಂದು ನನಗೆ ಗೊತ್ತಿತ್ತು. ಎದೆ ಸೆಟೆಸಿ, "ಮನುಷ್ಯರ ಮನೆಯವಳು" ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, "ಅದು ಗೊತ್ತಾಯ್ತದೆ ಬುಡು, ದನ ಇಷ್ಟು ಮಾತಾಡಾಕಿಲ್ಲ" ಎಂದು ಮೊರವನ್ನು ನನ್ನ ಕಡೆಗೂ ತಳ್ಳಿದರು. ನಾನು ಅವರೆಕಾಯಿ ಸುಲಿಯುತ್ತಾ ಕೂತೆ. ಚರ್ಚೆಯಲ್ಲಿ ಎದುರಾಳಿಯ ಕೈಗೆ ಕೆಲಸ ಕೊಡುವ ತಂತ್ರ ನನಗೆ ಅದುವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತೀರ್ಮಾನ ಸರಳವಾಗಿತ್ತು. ಅವರ ಸೀಮೆಯಲ್ಲಿ ಪ್ರತಿ ಮನೆಗೂ ಒಂದು ಹೆಸರು. ದೊಡ್ಡಮನೆಯೋರು, ಗಾಣದ ಮನೆಯೋರು, ಬಾವಿ ಮನೆಯೋರು. ಮನುಷ್ಯನಿಗೆ ಏನೇ ಹೆಸರಿಟ್ಟರೂ ಊರವರು ಗುರುತಿಸುವುದು ಅದರಿಂದಲೇ. ಬರೆಯುವವರಿಗೂ ಅದೇ ಲೆಕ್ಕ. "ಊರು ಹೆಸರು ಮುಂದೆ ಇಟ್ಕಂಡಿದ್ರೆ ಅದೇ ಅವ್ರ ಮನೆ. ಸ್ವಂತಕ್ಕೆ ಒಂದು ಹೆಸರು ಕಟ್ಕಂಡಿದ್ರೆ, ಪಾಲು ತಕ್ಕಂಡು ಬ್ಯಾರೆ ಮನೆ ಮಾಡವ್ನೆ ಅಂತ ಅರ್ಥ. ಆ ಮನೆಗೇ ಆಕಬೇಕು." ಸರಿ, ಬರೆಯುವ ಹೆಂಗಸರು? ಅವರು ತವರಿನ ಅಕ್ಷರಕ್ಕೋ ಗಂಡನ ಅಕ್ಷರಕ್ಕೋ? ಇಲ್ಲಿ ಸಿಕ್ಕಿಬೀಳುತ್ತಾರೆ ಎಂದು ಕಾದೆ. ಪುಟ್ಟಮ್ಮಣ್ಣಿ ಸಿಪ್ಪೆಯನ್ನು ಸೆರಗಿನಿಂದ ಕೊಡವಿದರು. "ಹೆಣ್ಣುಮಗ ಅಲ್ಲೂ ನೆಂಟ್ರು, ಇಲ್ಲೂ ನೆಂಟ್ರು. ಅವಳ ಸ್ವಂತದ್ದು ಅಂತ ಇರಾದು ಕೂಗೋ ಹೆಸ್ರು ಒಂದೇ ಕಣಮ್ಮಿ. ಅದ್ರ ಅಕ್ಸರಕ್ಕೇ ಆಕಿ" ಎಂದರು. ನಾನು ವಿರೋಧಿಸಲು ಬಾಯಿ ತೆರೆದೆ. ಒಂದು ಹಸಿ ಅವರೆಕಾಳು ಬಾಯಿಗೆ ಹಾಕಿಕೊಂಡು ಮುಚ್ಚಿದೆ.

ಆದರೆ ನನ್ನ ನಿಜವಾದ ಆಘಾತ ಬೇರೆಯದು. ಊಟಕ್ಕೆ ಕೂತಾಗ ನೆರೆಮನೆಯ ಹೆಂಗಸೊಬ್ಬರು ಇಣುಕಿ, "ಏನಕ್ಕ, ಸೊಸೆ ವ್ರತ ಇಡ್ದವ್ಳಂತೆ?" ಎಂದರು. "ಊ ಕಣಮ್ಮಿ, ಅಕ್ಸರದ್ದು. ನಾನೂ ಜೊತೆಗೆ ಇಡ್ದಿದೀನಿ" ಎಂದರು ಪುಟ್ಟಮ್ಮಣ್ಣಿ. ನಾನು ದಾಕ್ಷಿಯ ಮುಖ ನೋಡಿದೆ. ಅವಳು ಸಾರಿನ ಪಾತ್ರೆ ನೋಡಿದಳು. ಆಮೇಲೆ ಹಿತ್ತಿಲಲ್ಲಿ ಹಿಡಿದು ಕೇಳಿದ್ದಕ್ಕೆ, "ನಾನೇನೂ ಹೇಳ್ಲಿಲ್ಲ ಕಣೇ. ಅತ್ತೆ ನಿಯಮ ಏನೇನು ಅಂತ ಕೇಳುದ್ರು. ಹೇಳ್ದೆ. ವಾರಕ್ಕೊಂದು, ಕ್ರಮ ತಪ್ಪಬಾರದು, ಮಧ್ಯ ಬಿಡಬಾರದು, ಹಿಡ್ದೋರೇ ಮಾಡ್ಬೇಕು... ಅಷ್ಟು ಕೇಳಿ, ಇದು ವ್ರತ ಅಲ್ದೆ ಇನ್ನೇನು ಅಂದ್ಬುಟ್ರು" ಎಂದಳು. ನಾಡಿನ ಸಕಲ ವ್ರತಗಳನ್ನೂ ವೇದಿಕೆಯ ಮೇಲೆ ಸುಟ್ಟು ಬೂದಿ ಮಾಡಿದ್ದ ನಾನು, ಚಪ್ಪರದ ಮೂಲೆಯಲ್ಲಿ ಕೂತು ಒಂದು ಹೊಸ ವ್ರತವನ್ನು ಅಚ್ಚುಕಟ್ಟಾಗಿ ಹುಟ್ಟಿಸಿದ್ದೆ!

ಸುಮ್ಮನಿರಲಾದೀತೇ? ನಡುಮನೆಗೆ ಬಂದು, ದಾಕ್ಷಿ ಕಣ್ಣಲ್ಲೇ ಬೇಡವೆನ್ನುತ್ತಿದ್ದರೂ, ವ್ರತವೆಂಬುದು ಹೇಗೆ ಭಯದ ವ್ಯಾಪಾರ, ದೋಷವೆಂಬುದು ಹೇಗೆ ಶುದ್ಧ ಸುಳ್ಳು ಎಂದು ವಿವರಿಸಿದೆ. ಮಂಚದ ಮೇಲೆ ಎಲೆಯಡಿಕೆ ಹಾಕುತ್ತಿದ್ದ ಗುರುಮಲ್ಲಪ್ಪನವರು ಕೈ ನಿಲ್ಲಿಸಿ ಕಿವಿಗೊಟ್ಟರು. "ದೇವರ ಮುಂದಿನ ಕಾಯಿ ಕೊಟ್ರೂ ತಿನ್ನಾಕಿಲ್ವಾ?" ಎಂದು ಕೇಳಿದರು. "ಕಾಯಿ ಅಂತ ಕೊಟ್ಟರೆ ತಿನ್ನುತ್ತೇನೆ, ಪ್ರಸಾದ ಅಂತ ಕೊಟ್ಟರೆ ಇಲ್ಲ" ಎಂದೆ. ಅವರು ಈ ಮಾತನ್ನು ಗುಂಡ್ಲುಪೇಟೆಯ ಮಂಡಿಯಲ್ಲೆಲ್ಲ ಹೇಳಿಕೊಂಡು ನಕ್ಕರಂತೆ. 'ದಾಕ್ಷಾಯಿಣಿಯ ವಾದದ ಕೂಸು' ಎಂದು ನನಗೊಂದು ಹೆಸರೇ ಬಿತ್ತು. ಹೊಗಳಿಕೆ ಎಂದೇ ತೆಗೆದುಕೊಂಡೆ.

ಆ ಮಳೆಗಾಲ, ಚಳಿಗಾಲ ಹೇಗೆ ಕಳೆದವೋ. ಈಗ ನೆನೆದರೆ ಮಧ್ಯಾಹ್ನಗಳೇ ಕಣ್ಣಿಗೆ ಕಟ್ಟುತ್ತವೆ: ಊಟದ ಪಾತ್ರೆ ತೊಳೆದಾಗಿದೆ, ಕರೆಂಟು ಹೋಗಿದೆ, ಹಿತ್ತಿಲ ಬಾಗಿಲಿನ ಬೆಳಕಿಗೆ ಬೆನ್ನು ಕೊಟ್ಟು ದಾಕ್ಷಿ ಗಟ್ಟಿಯಾಗಿ ಓದುತ್ತಿದ್ದಾಳೆ, ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಕೇಳುತ್ತಿದ್ದಾರೆ. ಮಾತೇ ಆಡದ ಹುಡುಗಿಯ ದನಿ ಅಷ್ಟು ತುಂಬಿತ್ತೆಂದು ನನಗೆ ಗೊತ್ತಾದದ್ದು ಅಲ್ಲೇ. ಪುಟ್ಟಮ್ಮಣ್ಣಿಯವರಿಗೆ ಪಾತ್ರಗಳೆಲ್ಲ ನೆಂಟರು. ಒಂದು ಕಾದಂಬರಿಯ ನಾಯಕ ಬದುಕು ಬೇಸರವಾಗಿ ಮನೆ ಬಿಟ್ಟು ಹೊರಟಾಗ ಅವರು ಓದು ನಿಲ್ಲಿಸಿ, "ಇವನಿಗೆ ತಾಯಿ ಇಲ್ವಾ? ಇದ್ದಿದ್ರೆ ಮೂರ್ನೇ ಅಧ್ಯಾಯದಲ್ಲೇ ಕೂರಿಸಿ ಎರಡು ಮುದ್ದೆ ಉಣ್ಣುಸ್ತಿದ್ಲು, ಎಲ್ಲಾ ಸರಿಯೋಯ್ತಿತ್ತು" ಎಂದರು. ಆ ಕಾದಂಬರಿಯ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಅಷ್ಟು ನೇರವಾದದ್ದು ಇನ್ನೊಂದಿಲ್ಲ.

ತೊಡಕು ಬಂದದ್ದು ಲೇಖಕರೇ ಇಲ್ಲದ ಅಕ್ಷರಗಳಲ್ಲಿ. ನನ್ನ ನಿಯಮದಲ್ಲಿ ಇದಕ್ಕೆ ಪರಿಹಾರವಿರಲಿಲ್ಲ. ಸುಮ್ಮನೆ ದಾಟಿಕೊಂಡು ಹೋಗೋಣ ಎಂದೆ. ಪುಟ್ಟಮ್ಮಣ್ಣಿ ಒಪ್ಪಲಿಲ್ಲ. "ಒಬ್ಬ ಸಾಮಿ ಪೂಜೆಗೆ ಹೂ ಸಿಗ್ನಿಲ್ಲ ಅಂತ ಸಾಮೀನೇ ಬುಟ್ಟು ಓಯ್ತಾರಾ? ಪುಸ್ತಕ ಇಲ್ದಿದ್ರೆ ಅವತ್ತು ಉಪವಾಸ." ಹಾಗಾಗಿ 'ಙ'ಗೆ ಉಪವಾಸ, 'ಞ'ಗೆ ಉಪವಾಸ. ಮನೆಯಲ್ಲಿ ಒಲೆಗೆ ಅನ್ನ ಏರುತ್ತಿರಲಿಲ್ಲ. ಗಂಡಸರಿಗೂ ಉಪ್ಪಿಟ್ಟೇ ಗತಿ. 'ಟ' ಸಾಲಿನಲ್ಲಿ ಆ ಮನೆಯವರು ಸೊರಗಿಯೇ ಹೋದರು. ನಾನು ಬಿಸಿ ಮುದ್ದೆ, ಸೊಪ್ಪಿನ ಸಾರಿನ ಆಸೆಯಿಂದ ಬಸ್ಸಿಳಿದ ಭಾನುವಾರ ಸರಿಯಾಗಿ 'ಢ' ಬಂದಿತ್ತು. ಗುರುಮಲ್ಲಪ್ಪನವರು ತಣ್ಣಗಾದ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು, "ಅಲ್ಲ ಕಣಮ್ಮಿ, ತಮಿಳಿನೋರು ಕಮ್ಮಿ ಅಕ್ಸರದಲ್ಲಿ ಸಂಸಾರ ಮಾಡ್ತಿಲ್ವಾ? ನಮ್ಗ್ಯಾಕೆ ಇಷ್ಟೊಂದು?" ಎಂದು ನನ್ನನ್ನು ಕೇಳಿದರು. ಮೊದಲ ಸಲ ನಾವಿಬ್ಬರೂ ಒಂದೇ ಪಕ್ಷದಲ್ಲಿದ್ದೆವು.

'ನ' ಮುಗಿಯುವ ಹೊತ್ತಿಗೆ ಸಂಕಟ ಬಂತು. ಕಾಲೇಜಿನಲ್ಲಿ ಪರೀಕ್ಷೆಗೆ ಅರ್ಜಿ ತುಂಬಬೇಕಾದ ಕಾಲ, ಗುಂಡ್ಲುಪೇಟೆಯಲ್ಲಿ ಅರಿಶಿನ ಕಿತ್ತು ಬೇಯಿಸುವ ಕಾಲ. ಮನೆಯಲ್ಲಿ ಆಳುಗಳು, ಅಡುಗೆ, ಕಣದಲ್ಲಿ ಒಣಹಾಕುವ ಕೆಲಸ. ಆಮೇಲೆ ದಾಕ್ಷಿಯ ನಾದಿನಿಯ ಹೆರಿಗೆ ಬರುತ್ತದೆ, ಆಮೇಲೆ ಇನ್ನೇನೋ ಬರುತ್ತದೆ. "ಇಷ್ಟು ಓದಿದ್ದು ಸಾಕು. ಪರೀಕ್ಸೆ ಅಂತ ವಾರಗಟ್ಲೆ ನಗರದಲ್ಲಿ ಕುಂತ್ರೆ ಇಲ್ಲಿ ನಡಿಯಾಕಿಲ್ಲ" ಎಂದು ಗುರುಮಲ್ಲಪ್ಪನವರು ಹೇಳಿಬಿಟ್ಟರು. ದಾಕ್ಷಿಯ ಗಂಡ ಒಳ್ಳೆಯವನೇ. ಒಳ್ಳೆಯವರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದ, ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಶನಿವಾರ ಲೈಬ್ರರಿಯ ಮೆಟ್ಟಿಲ ಮೇಲೆ ದಾಕ್ಷಿ ಇದನ್ನು ಹೇಳಿದಾಗ ಅಳಲಿಲ್ಲ. ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಅರ್ಜಿ ಹಾಕೋಕೆ ಬುಧವಾರ ಕಡೆ" ಎಂದಳು, ಅಷ್ಟೆ.

ನಾನು ಆ ಇಡೀ ಸಂಜೆ ಅಂಶಗಳನ್ನು ಜೋಡಿಸಿಕೊಂಡೆ. ಪೀಠಿಕೆ, ಆರು ವಾದಗಳು, ಸಂವಿಧಾನ, ಒಂದು ವಚನದ ಸಾಲು, ಉಪಸಂಹಾರ. ಭಾನುವಾರ ಗುರುಮಲ್ಲಪ್ಪನವರ ಮಂಚದ ಎದುರು ಕೂತು ಎಲ್ಲವನ್ನೂ ಮಂಡಿಸಿದೆ. ಅಕ್ಕಪಕ್ಕದವರೂ ಬಂದು ಬಾಗಿಲಿಗೆ ಒರಗಿ ನಿಂತರು. ದಾಕ್ಷಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ನನ್ನ ಜೀವಮಾನದ ಅತ್ಯುತ್ತಮ ಭಾಷಣ ಅದು. ತೀರ್ಪುಗಾರರಿದ್ದರೆ ಎದ್ದು ನಿಂತು ಕಪ್ಪು ಕೊಡುತ್ತಿದ್ದರು. ಗುರುಮಲ್ಲಪ್ಪನವರು ಪ್ರತಿ ಮಾತಿಗೂ ತಲೆದೂಗಿದರು.

"ಹೆಣ್ಣು ಓದಬೇಕೋ ಬೇಡವೋ?"

"ಓದ್ಬೇಕು ಕಣಮ್ಮಿ. ಯಾರು ಬ್ಯಾಡ ಅಂದೋರು?"

"ಹಾಗಾದರೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲವೇ?"

"ಉಳಿಸ್ಕಬೇಕು. ನ್ಯಾಯವಾದ ಮಾತು."

"ಮತ್ತೆ?"

"ಮತ್ತೇನು? ಚೆನ್ನಾಗಿ ಮಾತಾಡ್ದೆ. ಮಜ್ಜಿಗೆ ಕುಡಿ. ಪರೀಕ್ಸೆಗೆ ಮಾತ್ರ ಈ ಸಲ ಆಗಾಕಿಲ್ಲ."

ವಾದಕ್ಕೆ ತರಬೇತಾದವರಿಗೆ ಇದಕ್ಕಿಂತ ದೊಡ್ಡ ಆಪತ್ತಿಲ್ಲ. ವಿರೋಧಿಸುವವನನ್ನು ಸೋಲಿಸಬಹುದು. ಎಲ್ಲವನ್ನೂ ಒಪ್ಪಿಕೊಂಡು ಕೂತಲ್ಲೇ ಕೂತವನನ್ನು ಏನು ಮಾಡುತ್ತೀರಿ? ಬಾಗಿಲಲ್ಲಿ ನಿಂತವರು ಒಬ್ಬೊಬ್ಬರೇ ಕದಲತೊಡಗಿದರು. ಹೊಸ್ತಿಲಲ್ಲಿದ್ದ ದಾಕ್ಷಿ ಎದ್ದು ಒಳಗೆ ತಿರುಗಿದಳು. ಸೋತ ಕೋಪಕ್ಕೆ ನಾನು ಮಜ್ಜಿಗೆ ಲೋಟ ಕೆಳಗಿಟ್ಟು, "ಸರಿ, ಪರೀಕ್ಷೆ ಕಟ್ಟದಿದ್ದರೆ ಅವಳ ಲೈಬ್ರರಿ ಕಾರ್ಡೂ ರದ್ದಾಗುತ್ತದೆ. ಇರುವ ಪುಸ್ತಕ ವಾಪಸು ಕಳಿಸಿಬಿಡಿ" ಎಂದೆ. ಅದು ನನ್ನ ಆರು ಅಂಶಗಳಲ್ಲಿ ಇರಲೂ ಇಲ್ಲ.

ಪುಟ್ಟಮ್ಮಣ್ಣಿ ಒದ್ದೆ ಕೈ ಸೆರಗಿಗೆ ಒರೆಸುತ್ತಾ ಹೊರಗೆ ಬಂದರು. "ಏನಂದೆ? ಪರೀಕ್ಸೆಗೆ ಕುಂತ್ಕಳ್ದಿದ್ರೆ ಪುಸ್ತಕ ಕೊಡಾಕಿಲ್ವಾ?"

"ಇಲ್ಲ. ಪರೀಕ್ಷೆ ಬರೆಯುವವರಿಗೆ ಮಾತ್ರ, ಫಲಿತಾಂಶ ಬರುವ ತನಕ."

"ಅಂಗಾದ್ರೆ 'ಪ'ಗೆ ನಿಂತೋಯ್ತದಾ?"

"ನಿಂತುಹೋಗುತ್ತದೆ."

ಗುರುಮಲ್ಲಪ್ಪನವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಅದಕ್ಕೇನಂತೆ? ಈ ಕೂಸಿನ ಕಾರ್ಡಲ್ಲಿ ತರ್ಸಿದ್ರಾಯ್ತು" ಎಂದರು. "ನಾನು ಉಪವಾಸ ಇದ್ರೆ ನಿಮ್ಮ ಒಟ್ಟೆ ಕರಗ್ತದಾ?" ಎಂದು ಪುಟ್ಟಮ್ಮಣ್ಣಿ ಒಂದೇ ಏಟಿಗೆ ಅದನ್ನು ಮುಗಿಸಿದರು. ಆಮೇಲೆ ನನ್ನ ಕಡೆಗೆ ತಿರುಗಿದರು. ಕದಲಿದ್ದ ಜನ ಮತ್ತೆ ಬಾಗಿಲಿಗೆ ಒರಗಿದರು. "ಕೂಸು, ನೀನು ಓದಿರೋಳು. ಮಕಕ್ಕೆ ಒಡ್ದಂಗೆ ಯೋಳಾ ಪೈಕಿ, ಸುಳ್ಳೇಳಾಕಿಲ್ಲ ಅಂತ ಮಂಡಿಗೆಲ್ಲಾ ಗೊತ್ತು. ಇಡ್ದ ವ್ರತ ಅರ್ಧಕ್ಕೆ ಬುಟ್ರೆ ಮನೆಗೆ ದೋಸ ಬತ್ತದೋ, ಬರಾಕಿಲ್ವೋ? ಯೋಳು."

ಗುರುಮಲ್ಲಪ್ಪನವರು ನನ್ನ ಬಾಯನ್ನೇ ನೋಡುತ್ತಿದ್ದರು. ಕಣದಲ್ಲಿ ಅವರ ಇಡೀ ವರ್ಷದ ಅರಿಶಿನ ಒಣಗುತ್ತಿತ್ತು, ಅದಕ್ಕೆ ಇನ್ನೂ ಧಾರಣೆ ಗೊತ್ತಾಗಿರಲಿಲ್ಲ. ನನ್ನ ತಲೆಯೊಳಗೆ ನನ್ನ ಕಪ್ಪುಗಳೆಲ್ಲ ಒಂದೊಂದಾಗಿ ಎದ್ದು ನಿಂತವು. 'ದೋಷ ಎಂಬುದಿಲ್ಲ' ಎಂಬ ವಾಕ್ಯ ನಾಲಿಗೆಯ ತುದಿಗೇ ಬಂದಿತ್ತು. ಎಷ್ಟು ಸಲ ಹೇಳಿದ ಮಾತು, ತಾನಾಗಿಯೇ ಹೊರಬೀಳುವ ಮಾತು. ಅಡುಗೆಮನೆಯ ಬಾಗಿಲ ಬಳಿ ದಾಕ್ಷಿ ತಿರುಗಿ ನಿಂತಿದ್ದಳು. ಅವಳು ನನ್ನನ್ನು ಬೇಡಿಕೊಳ್ಳಲಿಲ್ಲ, ಸನ್ನೆ ಮಾಡಲಿಲ್ಲ. ಸುಮ್ಮನೆ ನೋಡಿದಳು.

"ಬರುತ್ತದೆ" ಎಂದೆ.

"ಗಟ್ಟಿಯಾಗಿ ಯೋಳು, ನಿಮ್ಮಾವನಿಗೆ ಕಿವಿ ಮಂದ."

"ಬರುತ್ತದೆ! ಖಂಡಿತಾ ಬರುತ್ತದೆ!"

ಗುರುಮಲ್ಲಪ್ಪನವರು ಅಡಕತ್ತರಿ ಕೆಳಗಿಟ್ಟರು. "ದೇವರ ಕಾಯೀನೇ ತಿನ್ನದೋಳು ಬತ್ತದೆ ಅಂದ್ಮೇಲೆ..." ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಮಗನನ್ನು ಕೂಗಿ, "ಲೋ, ಬುಧವಾರದೊಳಗೆ ಅದೇನೋ ಕಟ್ಟಬೇಕಂತೆ, ಕಟ್ಬುಟ್ಟು ಬಾ ಓಗ್ಲಾ" ಎಂದರು. ಮಗ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡಿದ. ಈ ಸಲ ಅದರಲ್ಲಿ ಅರ್ಥವಿತ್ತು.

ಪರೀಕ್ಷೆಯ ದಿನಗಳಲ್ಲಿ ದಾಕ್ಷಿ ನಮ್ಮ ಮನೆಯಲ್ಲೇ ಇದ್ದಳು. ಅಮ್ಮನಿಗೆ ಅವಳನ್ನು ಕಂಡರೆ ಪ್ರಾಣ; ಸಾರಿಗೆ ಉಪ್ಪು ಹೇಗಿದ್ದರೂ ಉಣ್ಣುತ್ತಿದ್ದಳಲ್ಲ. ಗುಂಡ್ಲುಪೇಟೆಯಲ್ಲಿ ಆಳುಗಳಿಗೆ ಪುಟ್ಟಮ್ಮಣ್ಣಿಯೇ ಮುದ್ದೆ ತೊಳಸಿ ಹಾಕಿದರಂತೆ. 'ಳ' ಮುಗಿದ ವಾರ ವ್ರತದ ಉದ್ಯಾಪನೆ ಇಟ್ಟುಕೊಂಡರು. ಮುತ್ತೈದೆಯರನ್ನು ಕೂರಿಸಿ ಅರಿಶಿನ, ಕುಂಕುಮ, ರವಿಕೆ ಕಣ, ಅದರ ಮೇಲೆ ಒಂದೊಂದು ಹಳೇ ಕಾದಂಬರಿ. ಪ್ರತಿ ವ್ರತಕ್ಕೂ ಒಂದು ಕಥೆ ಇರಬೇಕಲ್ಲ, ಹೇಳುವವರು ಯಾರು? ಎಲ್ಲರೂ ನನ್ನನ್ನೇ ನೋಡಿದರು. ವಿರೋಧಪಕ್ಷದ ಖಾಯಂ ಸದಸ್ಯೆಯಾದ ನಾನು ಮಣೆಯ ಮೇಲೆ ಕೂತು, "ಒಂದಾನೊಂದು ಊರಿನಲ್ಲಿ ಮಾತೇ ಆಡದ ಒಬ್ಬ ಹುಡುಗಿ ಇದ್ದಳು" ಎಂದು ಶುರುಮಾಡಿದೆ. ಹೆಂಗಸರು ಕೈಯಲ್ಲಿ ಅಕ್ಷತೆ ಹಿಡಿದು ಕೇಳಿದರು. ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ಆದರೂ ಬೇಗ ಮುಗಿಸಿದೆ.

ಊಟಕ್ಕೆ ಬಡಿಸುವಾಗ ಪುಟ್ಟಮ್ಮಣ್ಣಿ ನನ್ನ ಎಲೆಯ ಮುಂದೆ ಬಗ್ಗಿ, ಪಾಯಸ ಹಾಕುತ್ತಾ, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ, "ಅವತ್ತು ಯಾವಾಗ ಬಾಯಿ ಬುಡ್ತೀಯೋ ಅಂತ ನನ್ನ ಜೀವ ಓಗಿತ್ತು ಕಣಮ್ಮಿ" ಎಂದರು.

"ಅಂದರೆ? ನಿಮಗೆ ದೋಷದ ಹೆದರಿಕೆ ಇರಲಿಲ್ಲವೇ?"

"ಪುಸ್ತಕ ಓದ್ನಿಲ್ಲ ಅಂತ ಯಾವ ಸಿವ ಕ್ವಾಪ ಮಾಡ್ಕತಾನೆ? ನನ್ನ ನಾಕ್ನೇ ಕಿಲಾಸಿಗೆ ಬುಡ್ಸುದ್ರು. ಅವತ್ತು ಯೋಳಾಕೆ ನನ್ನ ಕಡೆ ಯಾರೂ ಇರ್ನಿಲ್ಲ. ಇವಳಿಗೆ ಸಾಕ್ಸಿ ಬೇಕಾಗಿತ್ತು. ನಂಬೋರು ಯೋಳುದ್ರೆ ನಿಮ್ಮಾವ ಕೇಳಾಕಿಲ್ಲ, ಅದುಕ್ಕೇ ನಂಬದೋಳ ಕೈಲಿ ಯೋಳುಸ್ದೆ. ಇನ್ನೊಂದು ಸೌಟು ಆಕ್ಲಾ?"

ಹಾಕಿದರು. ನಾನು ಮೂರು ವರ್ಷ ವೇದಿಕೆಯ ಮೇಲೆ ಗಂಟಲು ಹರಿದುಕೊಂಡು ಕಲಿಯದ್ದನ್ನು ಆ ಹೆಂಗಸು ಹುಣಸೆಹಣ್ಣು ಬಿಡಿಸುತ್ತಾ ಯೋಚಿಸಿಟ್ಟಿದ್ದರು. ಆ ಮೊಕದ್ದಮೆಯ ವಕೀಲೆ ನಾನೆಂದುಕೊಂಡಿದ್ದೆ. ನಾನು ಬರೀ ಸಾಕ್ಷಿ.

ಕಥೆ ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಫಲಿತಾಂಶ ಬಂತು. ದಾಕ್ಷಿಗೆ ಫಸ್ಟ್ ಕ್ಲಾಸ್, ನನಗೆ ಸೆಕೆಂಡ್. ಅದಕ್ಕೆ ಕಾರಣವೂ ಸ್ಪಷ್ಟ: ಆ ವಸಂತದಲ್ಲಿ ನಾನು ಮೂರು ಊರಿನ ಚರ್ಚಾಸ್ಪರ್ಧೆಗಳಿಗೆ ಅಲೆದಿದ್ದೆ. ಆ ಅಲೆದಾಟದಲ್ಲೇ ನನ್ನ ಪಂಥ 'ಯ'ದಲ್ಲಿ ನಿಂತುಹೋಗಿತ್ತು. ಅತ್ತೆ ಸೊಸೆ ಇಬ್ಬರೂ 'ಳ' ಮುಟ್ಟಿದಾಗ ಮುಟ್ಟದೆ ಉಳಿದವಳು ಪಂಥ ಹೂಡಿದ ನಾನೊಬ್ಬಳೇ. ಈ ಸಂಗತಿ ಗುಂಡ್ಲುಪೇಟೆಗೆ ತಿಳಿದ ದಿನ ಗುರುಮಲ್ಲಪ್ಪನವರು ಎಸ್.ಟಿ.ಡಿ. ಬೂತಿನಿಂದ ಅಪ್ಪನ ಕಚೇರಿಗೆ ಫೋನ್ ಮಾಡಿಸಿ ಹೇಳಿದರು: "ಅರ್ಧಕ್ಕೆ ಬುಟ್ಟಿದ್ಕೇ ಸೆಕೆಂಡ್ ಕಿಲಾಸು. ಅವಳೇ ಯೋಳಿದ್ದಲ್ವಾ ಬತ್ತದೆ ಅಂತ!" ಅಲ್ಲಿಂದೀಚೆಗೆ ಇದೇ ನಡೆದಿದೆ. ದಾಕ್ಷಿ ಈಗ ಗುಂಡ್ಲುಪೇಟೆಯಲ್ಲೇ ಒಂದು ಶಾಲೆಯಲ್ಲಿ ಮೇಡಂ. ಮಕ್ಕಳು ಅವಳ ದನಿ ಕೇಳಿದರೆ ಸಾಲಾಗಿ ನಿಲ್ಲುತ್ತವಂತೆ. ನನ್ನ ಕೆಲಸದ ಸಂದರ್ಶನ ಮುಂದೆ ಹೋದರೆ, ಬಸ್ಸು ತೆರಕಣಾಂಬಿಯಲ್ಲಿ ಕೆಟ್ಟು ನಿಂತರೆ, ಒಮ್ಮೆ ಒಂದು ಸಂಬಂಧ ಮಾತುಕತೆಯಲ್ಲೇ ಮುರಿದುಬಿದ್ದಾಗಲೂ (ನಾನು ಹುಡುಗನನ್ನು ಕೇಳಿದ್ದು ಎರಡೇ ಪ್ರಶ್ನೆ), ಆ ಮನೆಯಿಂದ ಅದೇ ಮಾತು ಬರುತ್ತದೆ: ಅವಳೇ ಯೋಳಿದ್ದಲ್ವಾ. ಕಾಕತಾಳೀಯಕ್ಕೂ ಕಾರಣಕ್ಕೂ ಇರುವ ವ್ಯತ್ಯಾಸವನ್ನು ನಾನು ಯಾರಿಗೆ ಬೇಕಾದರೂ ವಿವರಿಸಬಲ್ಲೆ. ಆದರೆ ವಿವರಿಸಿದರೆ ಅಂದಿನ ಸಾಕ್ಷಿ ಸುಳ್ಳೆಂದಾಗುತ್ತದೆ, ಪುಟ್ಟಮ್ಮಣ್ಣಿ ಆ ಮನೆಯಲ್ಲಿ ಸಿಕ್ಕಿಬೀಳುತ್ತಾರೆ. ಹೀಗಾಗಿ ಬಾಯಿ ಮುಚ್ಚಿಕೊಂಡಿದ್ದೇನೆ. ನನ್ನನ್ನು ಬಲ್ಲವರಿಗೆ ಇದರ ಕಷ್ಟ ತಿಳಿದೀತು.

ಮೊನ್ನೆ ಭಾನುವಾರ 'ಯ' ಅಕ್ಷರದ ಲೇಖಕರದೊಂದು ಪುಸ್ತಕ ಹಿಡಿದು ಜಗಲಿಯಲ್ಲಿ ಕೂತಿದ್ದೆ. ಓದಿ ಬಹಳ ದಿನವಾಯಿತಲ್ಲ ಎಂದು, ಅಷ್ಟೆ. 'ಯ'ವೇ ಕೈಗೆ ಸಿಕ್ಕಿದ್ದು ಆಕಸ್ಮಿಕ. ಅಮ್ಮ ಹೊರಗೆ ಬಂದಳು. ಪುಸ್ತಕದ ಬೆನ್ನು ನೋಡಿದಳು, ನನ್ನ ಒದ್ದೆ ಕೂದಲು ನೋಡಿದಳು, ತುಟಿ ಬಿಗಿಹಿಡಿದು ಒಳಗೆ ಹೋದಳು. ನಾನು ಹಿಂದಿನಿಂದ ಕೂಗಿ ಹೇಳಿದೆ, ಇಲ್ಲೂ ಹೇಳುತ್ತೇನೆ: ಏಪ್ರಿಲ್ ತಿಂಗಳು, ವಿಪರೀತ ಸೆಖೆ. ರಜೆಯ ದಿನ ಬೆಳಿಗ್ಗೆ ಐದಕ್ಕೇ ಎದ್ದು ತಲೆಗೆ ನೀರು ಹಾಕಿಕೊಂಡು ಓದಲು ಕೂತವಳ ಬಗ್ಗೆ ಬೇರೆ ಕಾರಣ ಕಲ್ಪಿಸುವುದು ತರ್ಕಕ್ಕೆ ಒಪ್ಪುವ ಮಾತಲ್ಲ.